ದೊಡ್ಡಮ್ಮ ಕೊಟ್ಟ ಪುಸ್ತಕ

ನಮ್ಮ ದೊಡ್ಡಮ್ಮನ ಲೈಬ್ರರಿಯಿಂದ ಪುಸ್ತಕವಿಲ್ಲದೆ ವಾಪಸು ಬಂದ ಮಕ್ಕಳಿದ್ದಾರೆ, ಗೊಣಗಿಕೊಂಡು ಬಂದವರೂ ಇದ್ದಾರೆ. ಆದರೆ ಅವರ ವಿಚಾರಣೆ ಮುಗಿಯುವ ಮುಂಚೆ ಹೊರಗೆ ಬಂದವರು ಮಾತ್ರ ಯಾರೂ ಇಲ್ಲ! ಪೊಲೀಸ್ ಠಾಣೆಯಲ್ಲೂ ಇಷ್ಟು ಕೇಳುವುದಿಲ್ಲವೇನೋ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಗಿರಿನಗರದ ಒಂದು ಶಾಲೆಯಲ್ಲಿ ಲೈಬ್ರರಿ ನೋಡಿಕೊಳ್ಳುತ್ತಾರೆ. ಅದೇ ಶಾಲೆಯಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತೇನೆ. ಗೇಟಿನೊಳಗೆ ಕಾಲಿಟ್ಟ ಮೇಲೆ ಅವರನ್ನು ‘ಮೇಡಂ’ ಎನ್ನಬೇಕೆಂದು ನನಗೆ ಆಜ್ಞೆಯಾಗಿದೆ. ಒಮ್ಮೆ ಬಾಯಿ ತಪ್ಪಿ ಸ್ಟಾಫ್ ರೂಮಿನಲ್ಲಿ ‘ದೊಡ್ಡಮ್ಮಾ’ ಎಂದುಬಿಟ್ಟೆ. “ಯಾರು ನಿಮ್ಮ ದೊಡ್ಡಮ್ಮ?” ಎಂದು ಎಲ್ಲರೆದುರಿಗೇ ಕೇಳಿದರು! ಸಂಜೆ ತಾವೇ ಮನೆಗೆ ಬಂದು ಕೋಡುಬಳೆ ಕೊಟ್ಟು ಹೋದರು, ಅದು ಬೇರೆ ಮಾತು.

ಲೈಬ್ರರಿ ಪೀರಿಯಡ್ಡಿನಲ್ಲಿ ಮಕ್ಕಳು “ಮೇಡಂ, ಒಂದು ಒಳ್ಳೇ ಬುಕ್ ಹೇಳಿ” ಎಂದರೆ ಸಾಕು, ಶುರು. ಮನೆಯಲ್ಲಿ ಯಾರ ಮೇಲೆ ಜಾಸ್ತಿ ಸಿಟ್ಟು? ಕತ್ತಲೆ ಅಂದ್ರೆ ಭಯಾನಾ? ಊಟಕ್ಕೆ ಕೂತರೆ ಮೊದಲು ಸಾರು ಹಾಕಿಸಿಕೊಳ್ಳುತ್ತೀಯೋ ಮೊಸರೋ? ಇದಕ್ಕೂ ಪುಸ್ತಕಕ್ಕೂ ಏನು ಸಂಬಂಧ ಎಂದು ನಾನು ಒಮ್ಮೆ ಕೇಳಿದೆ. “ಮೊಸರು ಮೊದಲು ಹಾಕಿಸ್ಕೊಳ್ಳೋ ಮಗು ಕೊನೇ ಪುಟಾನೂ ಮೊದಲೇ ಓದತ್ತೆ. ಅದಕ್ಕೆ ಪತ್ತೇದಾರಿ ಕತೆ ಕೊಟ್ಟರೆ ದಂಡ” ಎಂದರು. ನಾನು ವಿಜ್ಞಾನ ಓದಿದವಳು. ಇದನ್ನು ಪರೀಕ್ಷೆ ಮಾಡುವುದು ಹೇಗೆ ಎಂದು ಇನ್ನೂ ಯೋಚಿಸುತ್ತಿದ್ದೇನೆ.

ಮಕ್ಕಳಿಗೆ ಕೊಡುವ ಪ್ರತಿ ಪುಸ್ತಕವನ್ನೂ ಮೊದಲು ತಾವು ಓದಬೇಕು ಎಂಬುದು ಅವರ ಹಟ. ಓದುವುದು ಎಲ್ಲಿ? ತ್ಯಾಗರಾಜನಗರದ ಮನೆಯಿಂದ ಶಾಲೆಗೆ ಬರುವ ಬಸ್ಸಿನಲ್ಲಿ. ಒಂದು ದಿನ ಕಿಟಕಿ ಪಕ್ಕ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರಂತೆ. ಪಕ್ಕದ ಹೆಂಗಸು ಗಾಬರಿಯಾಗಿ ವಿಚಾರಿಸಿದ್ದಾರೆ.

“ಯಾಕ್ರೀ ಅಮ್ಮ, ಮನೇಲಿ ಏನಾಯ್ತು?”

“ನಾಯಿ ಸತ್ತೋಯ್ತು ಕಣ್ರೀ.”

“ಅಯ್ಯೋ ಪಾಪ! ಎಷ್ಟು ವರ್ಷದಿಂದ ಸಾಕಿದ್ರಿ?”

“ಎರಡನೇ ಅಧ್ಯಾಯದಿಂದ!”

ಆ ಹೆಂಗಸು ಮುಂದಿನ ಸ್ಟಾಪಿನಲ್ಲೇ ಇಳಿದುಹೋದರಂತೆ. ಅವರ ಸ್ಟಾಪ್ ಅದೇ ಆಗಿತ್ತೋ ಏನೋ, ನಮಗೆ ಗೊತ್ತಿಲ್ಲ.

ಅಪ್ಪ ಅಮ್ಮಂದಿರಿಗೂ ಇವರಿಂದ ಬಿಡುಗಡೆಯಿಲ್ಲ. ಏಳನೇ ಕ್ಲಾಸಿನ ಹುಡುಗನ ತಾಯಿಯೊಬ್ಬರು ಬಂದು, “ಮೇಡಂ, ಇವನು ಬರೀ ದೆವ್ವದ ಕತೆ ಓದ್ತಾನೆ. ಮಾರ್ಕ್ಸ್‌ಗೆ ಯೂಸ್ ಆಗೋಂಥದ್ದು ಏನಾದ್ರೂ ಕೊಡಿ” ಎಂದರು. ದೊಡ್ಡಮ್ಮ ಬಹಳ ವಿನಯದಿಂದ, “ಸಂಜೆ ಹೊತ್ತು ನೀವು ಟೀವೀಲಿ ಏನು ನೋಡ್ತೀರಿ?” ಎಂದರು.

“ಸೀರಿಯಲ್ಲು.”

“ಅದ್ರಿಂದ ಎಷ್ಟು ಮಾರ್ಕ್ಸ್ ಬಂತು?”

ಇಂಥ ದೊಡ್ಡಮ್ಮನ ಎದುರಿಗೆ ಈ ವರ್ಷ ಒಬ್ಬಳು ಹುಡುಗಿ ಬಂದು ನಿಂತಳು. ಎಂಟನೇ ಕ್ಲಾಸು, ಉತ್ತರಹಳ್ಳಿ ಕಡೆಯವಳು. ಬೇಸಿಗೆ ರಜೆಯಲ್ಲಿ ಅವಳ ತಾಯಿ ಕಾಯಿಲೆಯಾಗಿ ತೀರಿಕೊಂಡಿದ್ದರು. ಶಾಲೆ ಶುರುವಾದಾಗಿನಿಂದ ನನ್ನ ಕ್ಲಾಸಿನಲ್ಲಿ ‘ಹೂಂ’, ‘ಇಲ್ಲ’ ಬಿಟ್ಟರೆ ಅವಳ ಬಾಯಿಂದ ಬೇರೆ ಮಾತು ಹೊರಟಿರಲಿಲ್ಲ. ಮನೆಯಲ್ಲೂ ಹಾಗೆಯೇ ಎಂದು ಅವಳ ಗೆಳತಿಯರು ಹೇಳುತ್ತಿದ್ದರು. ಆ ದಿನ ನಾನು ಲೈಬ್ರರಿಯಲ್ಲೇ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಹುಡುಗಿ ಮೇಜಿನ ಹತ್ತಿರ ಬಂದು, ಮೆಲ್ಲಗೆ ಕೇಳಿದಳು.

“ಅಮ್ಮ ಇಲ್ದೇ ಇರೋ ಹುಡುಗಿ ಕತೆ ಇದ್ಯಾ ಮೇಡಂ?”

ದೊಡ್ಡಮ್ಮ ಒಂದೂ ಪ್ರಶ್ನೆ ಕೇಳಲಿಲ್ಲ. ಎದ್ದು ಹೋಗಿ ಒಂದು ಇಂಗ್ಲಿಷ್ ಕಾದಂಬರಿ ತಂದರು. ಹುಡುಗಿಯ ಕೈಗಿಟ್ಟು, “ಅಳು ಬಂದ ಕಡೆ ಮುಚ್ಚಿಡು. ಮತ್ತೆ ಓದ್ಬೇಕು ಅನ್ನಿಸಿದ್ರೆ ತೆಗಿ” ಎಂದರು.

ಅವಳು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. “ನಗಿಸೋ ಪುಸ್ತಕ ಯಾವುದಾದ್ರೂ ಕೊಡಬಹುದಿತ್ತಲ್ವಾ?” ಎಂದೆ.

“ಅವಳು ಕೇಳಿದ್ದು ಅದನ್ನಲ್ಲ” ಎಂದರು ದೊಡ್ಡಮ್ಮ. ಆದರೆ ಧೈರ್ಯವಾಗಿ ಹೇಳಿದವರು ಮಧ್ಯಾಹ್ನ ಊಟದ ಡಬ್ಬಿಯನ್ನು ಮುಟ್ಟಲಿಲ್ಲ.

ಆ ವಾರವೇ, ನಾನು ಮತ್ತೆ ಲೈಬ್ರರಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದಾಗ, ಹುಡುಗಿಯ ತಂದೆ ಬಂದರು. ಉತ್ತರಹಳ್ಳಿಯಲ್ಲೇ ಹುಟ್ಟಿ ಬೆಳೆದು, ಅಲ್ಲೇ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡವರು. ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು.

“ಯಾರ್ ಮೇಡಂ ಇದನ್ನ ಕೊಟ್ಟಿದ್ದು? ಮಗಾ ಒಂದೇ ಸಮ ಅಳ್ತಾವ್ಳೆ. ಅವ್ರಮ್ಮ ಹೋದಾಗ್ಲೂ ಅತ್ತಿರ್ಲಿಲ್ಲ ಅವ್ಳು...”

ಹೇಳುತ್ತಾ ಹೇಳುತ್ತಾ ಅವರೇ ನಿಂತುಹೋದರು. ತಾವು ಏನು ಹೇಳಿದೆವು ಎಂಬುದು ಆಗಷ್ಟೇ ಅವರ ಕಿವಿಗೆ ಬಿದ್ದಂತಿತ್ತು.

“ನಾನೇ ಕೊಟ್ಟಿದ್ದು. ತಪ್ಪಾಗಿದ್ರೆ ತಪ್ಪು ನಂದೇ. ಕೂತ್ಕೊಳ್ಳಿ” ಎಂದರು ದೊಡ್ಡಮ್ಮ. ಅವರು ಕೂತ ಮೇಲೆ ಕೇಳಿದರು, “ನೀವು ಅತ್ರಾ?”

“ನಂಗೆ ಅಂಗಡಿ ಐತೆ ಮೇಡಂ.”

ನಾನು ತಲೆ ಎತ್ತಲಿಲ್ಲ. ಆಮೇಲೆ ಹುಡುಗಿಯ ತಂದೆ ಪುಸ್ತಕದ ರಟ್ಟಿನ ಮೇಲೆ ಕೈಯಿಟ್ಟು, “ಏನೈತೆ ಇದ್ರಾಗೆ?” ಎಂದರು.

“ಮಗಳನ್ನೇ ಕೇಳಿ.”

“ನನ್ನ ಕೂಡೆ ಮಾತೇ ಆಡಲ್ಲ ಅವ್ಳು.”

“ಮಾತಾಡು ಅನ್ಬೇಡಿ. ಈ ಕತೆ ಕನ್ನಡದಲ್ಲಿ ಹೇಳು, ನಂಗೆ ಇಂಗ್ಲಿಷ್ ಬರಲ್ಲ ಅನ್ನಿ.”

“ನಿಜವಾಗ್ಲೂ ಬರಲ್ಲ ಮೇಡಂ.”

“ಇನ್ನೂ ಒಳ್ಳೇದು!”

ಅವರಿಗೆ ನಗು ಬರಲಿಲ್ಲ. ಆದರೆ ಹೋಗುವಾಗ ಪುಸ್ತಕವನ್ನು ಎತ್ತಿಕೊಂಡು ಹೋದರು.

ವಾರಗಳು ಕಳೆದವು. ಪುಸ್ತಕ ವಾಪಸು ಬರಲಿಲ್ಲ, ತಂದೆಯೂ ಬರಲಿಲ್ಲ. ದೊಡ್ಡಮ್ಮ ಬಾಯಿಬಿಟ್ಟು ಏನೂ ಹೇಳದಿದ್ದರೂ ಬಾಗಿಲ ಕಡೆ ನೋಡುವುದು ಜಾಸ್ತಿಯಾಗಿತ್ತು. ಕೊನೆಗೊಂದು ಬೆಳಿಗ್ಗೆ, ನಾನು ಅಲ್ಲೇ ಇದ್ದಾಗ, ಹುಡುಗಿ ಬಂದಳು. ಕೈಯಲ್ಲಿ ಪುಸ್ತಕವಿರಲಿಲ್ಲ. ಮುಖ ಗಂಟಿಕ್ಕಿಕೊಂಡಿದ್ದಳು.

“ಮೇಡಂ, ಬುಕ್ ಇನ್ನೂ ಸ್ವಲ್ಪ ದಿನ ಇಟ್ಕೊಳ್ಳಲಾ? ಮುಗೀತಾನೇ ಇಲ್ಲ. ನಾನು ಒಂದು ಪೇಜ್ ಹೇಳೋಷ್ಟರಲ್ಲಿ ಅಪ್ಪ ನಿಲ್ಲಿಸಿ, ನಿಮ್ಮಮ್ಮಾನೂ ಹಿಂಗೇ ಅಂತ ಶುರು ಮಾಡ್ತಾರೆ. ಅದು ಇದ್ರಲ್ಲಿ ಇಲ್ಲ ಅಪ್ಪ ಅಂದ್ರೆ, ಗೊತ್ತು, ನೀನು ಕೇಳು ಅಂತಾರೆ.”

“ಏನು ಹೇಳಿದ್ರು?” ಎಂದರು ದೊಡ್ಡಮ್ಮ.



“ಅಮ್ಮ ಸ್ಕೂಟಿ ಕಲೀತಿದ್ದಾಗ ಅಪ್ಪ ಹಿಂದೆ ಹಿಡ್ಕೊಂಡು ಓಡ್ತಿದ್ರಂತೆ. ಹೇಳ್ದೆ ಕೇಳ್ದೆ ಕೈ ಬಿಟ್ರಂತೆ. ಅಮ್ಮ ನೇರ ಹೋಗಿ ಎಳನೀರಿನ ರಾಶಿಗೆ ಗುದ್ದಿದ್ರಂತೆ! ರೋಡ್ ತುಂಬಾ ಎಳನೀರು ಉರುಳಾಡ್ತಿತ್ತಂತೆ. ಅಪ್ಪಂಗೆ ಚೆನ್ನಾಗಿ ಬೈದು, ಅಲ್ಲೇ ಕೂತು ಒಂದು ಎಳನೀರು ಕುಡಿದ್ರಂತೆ ಮೇಡಂ!”

ಹೇಳುತ್ತಾ ಹೇಳುತ್ತಾ ಅವಳಿಗೆ ನಗು ಬಂದುಬಿಟ್ಟಿತು. ಕಣ್ಣಲ್ಲಿ ನೀರೂ ಇತ್ತು. “ನಂಗೆ ಗೊತ್ತೇ ಇರ್ಲಿಲ್ಲ” ಎಂದಳು.

ಕ್ಲಾಸಿನ ಬೆಲ್ಲು ಹೊಡೆಯಿತು. ಅವಳು ಹೋಗಬೇಕಿದ್ದದ್ದು ನನ್ನ ಕ್ಲಾಸಿಗೆ. ನಾನು ಎದ್ದು, ಸದ್ದಾಗದಂತೆ ಬಾಗಿಲ ಕಡೆ ಹೊರಟೆ. ಹಿಂದೆ ದೊಡ್ಡಮ್ಮ ತಮ್ಮ ಪಕ್ಕದ ಕುರ್ಚಿಯನ್ನು ಎಳೆಯುತ್ತಿದ್ದದ್ದು ಕೇಳಿಸಿತು.

“ಕೂತ್ಕೊ ಪುಟ್ಟ. ಎಳನೀರಿನವನು ಏನಂದನಂತೆ?”