ಕಳ್ಳಿ ಸಮ್ಮೇಳನದಲ್ಲಿ ಉಡಿ ತುಂಬಿದ್ದು

ಮಹಾರಾಷ್ಟ್ರದ ಗಡಿಯ ಇಚಲಕರಂಜಿಯಲ್ಲಿ ಕಳ್ಳಿ ಗಿಡ ಬೆಳೆಸುವ ಹುಚ್ಚರ ಸಂಘವೊಂದಿದೆ; ನಾನದರ ಕಾರ್ಯದರ್ಶಿ. ವರ್ಷಕ್ಕೊಮ್ಮೆ ಮದುವೆಯ ಮಂಗಲ ಕಾರ್ಯಾಲಯ ಹಿಡಿದು ಸಮ್ಮೇಳನ ಮಾಡುತ್ತೇವೆ. ಒಳ್ಳೆಯದು ಮಾಡಲು ಹೋಗಿ ಮುಳ್ಳು ಚುಚ್ಚಿಸಿಕೊಳ್ಳುವುದು ನಮಗೆ ಹೊಸದಲ್ಲ. ಈ ಸಲ ಮಾತ್ರ ಅತಿಯಾಯಿತು.

ವಿಶೇಷ ಬೋರ್ಡು

ನಮ್ಮ ಗಡಹಿಂಗ್ಲಜದ ಸದಸ್ಯೆ ಟ್ರಾನ್ಸ್‌ಜೆಂಡರ್ ಹೆಣ್ಣುಮಗಳು. ಹೋದ ವರ್ಷದ ಸಮ್ಮೇಳನದಲ್ಲಿ ಹೆಂಗಸರ ಶೌಚಾಲಯದ ಬಾಗಿಲಲ್ಲಿ ಯಾರೋ ಆಕೆಯನ್ನು ತಡೆದರು, ಹೊರಗೆ ಯಾರೋ ಸಿಳ್ಳೆ ಹೊಡೆದರು. ಪಾಪ, ಊಟಕ್ಕೂ ನಿಲ್ಲದೆ ಕುಂಡ ಎತ್ತಿಕೊಂಡು ಹೋದರು. ನನಗೆ ಭಾಳ ಕೆಟ್ಟದೆನಿಸಿತು. ಈ ವರ್ಷ ಕರೆದಾಗ ಹೇಳಿದರು: "ಹಾರಾ ತುರಾಯಿ ಬ್ಯಾಡ್ರಿ. ದಿನಾ ಪೂರ್ತಿ ನಿಶ್ಚಿಂತಿಲೇ ಕುಂದ್ರಾಕ ಆದ್ರ ಸಾಕು. ಇಲ್ಲಂದ್ರ ಇದ ಕಡೀದು."

ನಮ್ಮ ಅಧ್ಯಕ್ಷರು ಕೊರೋಚಿಯ ಮಗ್ಗದ ಮಾಲೀಕರು, ಹುರಿಮೀಸೆಯವರು. ಆಕೆಗೆಂದೇ ಒಳ್ಳೆಯ ಶೌಚಾಲಯವೊಂದಕ್ಕೆ 'ವಿಶೇಷ ಅತಿಥಿಗಳಿಗೆ ಮಾತ್ರ' ಎಂದು ಬೋರ್ಡು ಬರೆಸಿಬಿಟ್ಟರು. ನಮ್ಮ ಸಂಘದಲ್ಲಿ ವಿಶೇಷ ಅಲ್ಲದವರು ಯಾರಿದ್ದಾರೆ? ಬೆಳಿಗ್ಗೆಯಿಂದಲೇ ಎಲ್ಲರೂ ಅಲ್ಲಿ ಸಾಲಾಗಿ ನಿಂತು ಪಾಳಿ ಹಚ್ಚಿದರು.

ಅತ್ತ ನನ್ನ ಹೆಂಡತಿ ಮೈಕು ಹಿಡಿದು, "ಯಾರರೆ ಸಿಳ್ಳಿ ಹೊಡದ್ರ ಕಳ್ಳಿ ಮ್ಯಾಲ ಕುಂದ್ರಸ್ತೇನಿ" ಎಂದು ಸಾರಿದಳು. ಆಮೇಲೆ "ಬರ್ರಿ ಅಕ್ಕಾ" ಎಂದು ಆಕೆಯನ್ನು ಹೆಂಗಸರ ಕಡೆಗೇ ಕರೆದೊಯ್ದಳು. ಇಬ್ಬರೂ ಹೋಗಿ ಬಂದು ಚಹಾ ಕುಡಿದರು. ಅಧ್ಯಕ್ಷರು ಇನ್ನೂ ವಿಶೇಷ ಪಾಳಿಯಲ್ಲೇ ಇದ್ದರು.

ಆಶೀರ್ವಾದ

ನಮ್ಮ ಕಡೆ ಎಳೆಗೂಸನ್ನೂ ಹೊಸ ಅಂಗಡಿಯನ್ನೂ ತೃತೀಯಲಿಂಗಿಗಳಿಂದ ಹರಸಿಸುವ ರೂಢಿ. ಶಿರೋಳದ ಕಬ್ಬಿನ ರೈತರೊಬ್ಬರು ಕೊಳೆತ ಕಳ್ಳಿಯ ಕುಂಡವನ್ನು ಆಕೆಯ ಮುಂದಿಟ್ಟು ಕೈಮುಗಿದರು.

"ತಾಯೀ, ನಿಮ್ಮ ಆಶೀರ್ವಾದ ಬಿದ್ರ ಬದಕತೈತಿ."

ಆಕೆ ಎದ್ದು ಹೋಗುತ್ತಾರೆಂದು ನಾನು ಕುರ್ಚಿ ಬಿಟ್ಟು ಓಡಿ ಬಂದೆ. ಆಕೆ ಬುಡ ಒತ್ತಿ ನೋಡಿದರು. "ಕಾಕಾ, ದಿನಾ ನೀರ ಹಾಕ್ತೀರೇನ್ರಿ?"

"ಹೌದ್ರಿ, ಎರಡ ಹೊತ್ತ!"

"ನನ್ನ ಆಶೀರ್ವಾದ ನಿಮ್ಮ ಕಬ್ಬಿಗೆ ಇರಲಿ. ಇದಕ್ಕ ನಿಮ್ಮ ಪ್ರೀತಿ ಒಂದೀಟು ಕಡಿಮಿ ಮಾಡ್ರಿ."

ಸತ್ಕಾರ

ಸಂಜೆ ಸತ್ಕಾರ. ಗಂಡಸರಿಗೆ ಫೇಟಾ ಸುತ್ತುವುದು, ಹೆಂಗಸರಿಗೆ ಕುಂಕುಮ ಹಚ್ಚಿ, ಮಡಿಲಿಗೆ ಅಕ್ಕಿ-ಕಾಯಿ ಹಾಕಿ ಉಡಿ ತುಂಬುವುದು ನಮ್ಮ ಪದ್ಧತಿ. ಆಕೆಗೆ ಉಡಿ ಎಂಬುದರಲ್ಲಿ ಯಾರಿಗೂ ಗೊಂದಲವಿರಲಿಲ್ಲ, ಅಧ್ಯಕ್ಷರೊಬ್ಬರನ್ನು ಬಿಟ್ಟು.

"ಮಾನಾ ಕಡಿಮಿ ಆಗಬಾರದು. ಅವರಿಗೆ ಎರಡೂ ಮಾಡ್ರಿ!"

"ಅವರಿಗಷ್ಟ ಎರಡೂ ಮಾಡಿದ್ರ ಬ್ಯಾರೆ ಮಾಡಿದಂಗ ಆಗೂದಿಲ್ಲೇನ್ರಿ?" ಎಂದಳು ನನ್ನ ಹೆಂಡತಿ.

"ಹಂಗಾರ ಎಲ್ಲಾರಿಗೂ ಎರಡೂ!"

ಮೊದಲ ಸತ್ಕಾರ ಅಧ್ಯಕ್ಷರದ್ದೇ ಎಂಬುದನ್ನು ಅವರು ಮರೆತಿದ್ದರು. ಕೇಸರಿ ಫೇಟಾ ಸುತ್ತಿದ ಮೇಲೆ ಹೆಂಗಸರು ಅವರನ್ನು ಮಣೆಯ ಮೇಲೆ ಕೂರಿಸಿ, ಹಣೆಗೆ ಕುಂಕುಮ ಹಚ್ಚಿ, ಅಂಗಿಯ ಚುಂಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಹಸಿರು ಕುಬಸದ ಖಣ ಸುರಿದರು. ಮೀಸೆ ನಡುಗಿತು. ಕಾರ್ಯಾಲಯವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಆಕೆಯೇ. "ಅಣ್ಣಾರ, ಉಡಿ ಗಟ್ಟಿ ಹಿಡೀರಿ, ಕಾಯಿ ಜಾರತೈತಿ!"

ಎಲ್ಲರೂ ಹೋದ ಮೇಲೆ ಆಕೆ ಕುಂಡ ಎತ್ತಿಕೊಂಡರು. ದಿನವಿಡೀ ಇದ್ದರಲ್ಲ ಎಂದು ನನಗೆ ಆನಂದ. ಅಳುಕುತ್ತಲೇ ಕೇಳಿದೆ: "ಬರೂ ವರ್ಷಾನೂ ಬರ್ತೀರಲ್ಲರಿ?"

"ಬರಲಿಲ್ಲಂದ್ರ ಹೆಂಗರಿ? ಅಧ್ಯಕ್ಷರ ಉಡಿ ಯಾರು ತುಂಬಬೇಕು?"