ಒಂದು ಹಲ್ಲು, ನಾಲ್ಕು ಅಭಿಪ್ರಾಯ

ನಮ್ಮ ಮನೆಯಲ್ಲಿ ಯಾರಿಗೂ ಸ್ವಂತ ಸಮಸ್ಯೆ ಅಂತ ಇಲ್ಲ. ಬೆಳಿಗ್ಗೆ ಯಾರದಾಗಿದ್ದರೂ ಸಂಜೆ ಕಾಫಿಯ ಹೊತ್ತಿಗೆ ಅದು ಎಲ್ಲರದಾಗಿರುತ್ತದೆ. ಹಾಗಾಗಿ ಕಳೆದ ವರ್ಷ ನನ್ನ ಬಾಯಲ್ಲಿ ಒಂದು ಹಲ್ಲು ಹೋದಾಗ, ತಾಂಬರಂನ ನಮ್ಮ ಫ್ಲ್ಯಾಟಿನಲ್ಲಿ ನಾಲ್ಕು ಬಾಯಿ ತೆರೆದವು.

ಕೋಡುಬಳೆ

ಹೋದದ್ದು ಮೇಲಿನ ಸಾಲಿನ ಮುಂದಿನ ಹಲ್ಲು. ಕಾರಣ, ಅಮ್ಮ ಮಾಡಿದ ಕೋಡುಬಳೆ. ಅಮ್ಮ ಇದನ್ನು ಒಪ್ಪಲಿಲ್ಲ.

"ಕೋಡುಬಳೆ ಸರಿಯಾಗೇ ಇದೆ. ತಪ್ಪು ಹಲ್ಲಿನ ಕಡೆಯಿಂದ ಆಗಿದೆ" ಅಂದಳು.

ಸಾಬೀತು ಮಾಡಲು ಒಂದು ತಟ್ಟೆ ತುಂಬಿಕೊಂಡು ಎದುರು ಮನೆಯ ತಮಿಳು ಮಾಮಿಯ ಬಳಿ ಹೋದಳು. ಮಾಮಿ ಒಂದು ತುಂಡು ಬಾಯಿಗೆ ಹಾಕಿಕೊಂಡು, ದವಡೆಗೆ ಒತ್ತಿಟ್ಟುಕೊಂಡೇ ಹತ್ತು ನಿಮಿಷ ಮಾತಾಡಿದರು. ಕೊನೆಗೆ "ರೊಂಬ ನಲ್ಲಾ ಇರುಕ್ಕು", ತುಂಬಾ ಚೆನ್ನಾಗಿದೆ, ಅಂದರು. ಅಮ್ಮ ಗೆದ್ದ ಮುಖ ಮಾಡಿಕೊಂಡು ವಾಪಸು ಬಂದಳು.

ಮರುದಿನ ಮಾಮಿ ನನ್ನನ್ನು ಲಿಫ್ಟಿನಲ್ಲಿ ಹಿಡಿದು, ಮೆಲ್ಲಗೆ ಹಲ್ಲಿನ ಡಾಕ್ಟರ ವಿಳಾಸ ಕೇಳಿದರು.

ಕೋಷ್ಟಕ

ಡಾಕ್ಟರು ಮೂರು ದಾರಿ ಹೇಳಿದರು. ಒಂದು, ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಹಲ್ಲು. ಎರಡು, ಬ್ರಿಡ್ಜ್: ಎಡಬಲದ ಎರಡು ಒಳ್ಳೆಯ ಹಲ್ಲುಗಳನ್ನು ತೇದು ಸಣ್ಣಗೆ ಮಾಡಿ, ಮೂರಕ್ಕೂ ಸೇರಿಸಿ ಒಂದೇ ಕವಚ ಕೂರಿಸುವುದು. ಮೂರು, ಇಂಪ್ಲಾಂಟ್: ದವಡೆಯ ಎಲುಬಿಗೆ ಲೋಹದ ಸ್ಕ್ರೂ ಹಾಕಿ, ಅದು ಕಚ್ಚಿಕೊಳ್ಳುವವರೆಗೆ ಕೆಲವು ತಿಂಗಳು ಕಾದು, ಮೇಲೆ ಹಲ್ಲು ಕೂರಿಸುವುದು.

ತೊಡಕು ಒಂದೇ. ಆರು ವಾರದಲ್ಲಿ ಅಕ್ಕನ ಮದುವೆ. ಬ್ರಿಡ್ಜ್ ಆದರೆ ಅಷ್ಟರೊಳಗೆ ಮುಗಿಯುತ್ತದೆ. ಮನೆಯವರೆಲ್ಲ ಅದಕ್ಕೇ ಒಲಿದರು. ಆದರೆ ಏನೂ ತಪ್ಪು ಮಾಡದ ಎರಡು ಹಲ್ಲುಗಳನ್ನು ತೇಯಿಸಲು ನನಗೆ ಮನಸ್ಸಿರಲಿಲ್ಲ.

ನಾನು ಓದಿದ್ದು ರಸಾಯನಶಾಸ್ತ್ರ. ಪೆರುಂಗುಡಿಯ ಲ್ಯಾಬಿನಲ್ಲಿ ನೀರು ಪರೀಕ್ಷಿಸುವ ಕೆಲಸ. ಅಭ್ಯಾಸದಂತೆ ಕೋಷ್ಟಕ ಬರೆದೆ. ಬಾಳಿಕೆಗೆ ಇಷ್ಟು ಅಂಕ, ಸಮಯಕ್ಕೆ ಇಷ್ಟು, ಪಕ್ಕದ ಹಲ್ಲುಗಳ ಕ್ಷೇಮಕ್ಕೆ ಇಷ್ಟು. ಇಂಪ್ಲಾಂಟ್ ಗೆದ್ದಿತು. ಎಲ್ಲರೂ ನೋಡಲಿ ಅಂತ ಫ್ರಿಜ್ಜಿನ ಮೇಲೆ ಅಂಟಿಸಿ ಕೆಲಸಕ್ಕೆ ಹೋದೆ.

ಸಂಜೆ ಬಂದಾಗ ಕೋಷ್ಟಕ ಬೆಳೆದಿತ್ತು. ಅಮ್ಮ 'ಮದುವೆ ಫೋಟೋ' ಅಂತ ಒಂದು ಸಾಲು ಸೇರಿಸಿ ಐವತ್ತು ಅಂಕ ಇಟ್ಟಿದ್ದಳು. ಅಜ್ಜಿ 'ಮಡಿ' ಅಂತ ಬರೆಸಿದ್ದರು. ಅಪ್ಪ ಕೆಳಗೆ 'ಪರಿಶೀಲಿಸಲಾಗಿದೆ' ಅಂತ ಸಹಿ ಹಾಕಿದ್ದರು. ಎಲ್ಲಕ್ಕಿಂತ ಕೆಳಗೆ, ಹೆಸರಿಲ್ಲದಿದ್ದರೂ ಅಕ್ಕನದೇ ಅಂತ ಗೊತ್ತಾಗುವ ಗುಂಡು ಅಕ್ಷರದಲ್ಲಿ ಇನ್ನೊಂದು ಸಾಲಿತ್ತು:

'ಮದುಮಗಳಿಗಿಂತ ಚೆನ್ನಾಗಿ ಕಾಣಬಾರದು – ನೂರು ಅಂಕ.'

ಅಜ್ಜಿಯ ಅಡ್ಡಪ್ರಶ್ನೆ

ಮುಂದಿನ ಸಲ ಅಜ್ಜಿಯೂ ಕ್ಲಿನಿಕ್ಕಿಗೆ ಬಂದರು. ಡಾಕ್ಟರು ತಮಿಳು ಹುಡುಗಿ, ಅಜ್ಜಿಗೆ ತಮಿಳು ಚೆನ್ನಾಗಿ ಬರುತ್ತದೆ. ತೊಂದರೆ ಶುರುವಾದದ್ದೇ ಅದರಿಂದ.

ಎಲುಬು ಸಾಲದಿದ್ದರೆ ಸ್ವಲ್ಪ ಎಲುಬಿನ ಪುಡಿ ತುಂಬಬೇಕಾಗಬಹುದು ಅಂದರು ಡಾಕ್ಟರು.

"ಯಾರ ಎಲುಬು?"

"ಸಾಮಾನ್ಯವಾಗಿ ಹಸುವಿನದು, ಅಜ್ಜಿ."

ಅಜ್ಜಿ ಕುರ್ಚಿಯಿಂದ ಎದ್ದರು. "ಹಾಲು ಕೊಟ್ಟಿದ್ದು ಸಾಲದು ಅಂತ ಎಲುಬೂ ಕೊಡಬೇಕಾ ಅದು?"

ಡಾಕ್ಟರು ಗಾಬರಿಯಿಂದ ಸ್ಕ್ಯಾನ್ ಮತ್ತೆ ತೆಗೆದು ನೋಡಿ, ನನಗೆ ಪುಡಿ ಬೇಡವೇ ಬೇಡ, ಇರುವ ಎಲುಬೇ ಸಾಕು ಅಂದರು. ಅಜ್ಜಿ ಕುಳಿತರು. ವಿಚಾರಣೆ ಮುಂದುವರಿಯಿತು.

"ಸ್ಕ್ರೂ ಯಾವುದರದ್ದು?"

"ಟೈಟಾನಿಯಂ. ಲೋಹ."

"ಲೋಹ ಆದರೆ ಅಡ್ಡಿಯಿಲ್ಲ. ತೊಳೆದರೆ ಮಡಿ" ಅಂದರು ಅಜ್ಜಿ. "ಆ ತೆಗೆದು ಹಾಕೋದು ಮಾತ್ರ ಬೇಡ. ಮುಟ್ಟಿದಾಗೆಲ್ಲ ಎಂಜಲು ಕೈ. ನಾಳೆ ಅಡುಗೆಮನೆಗೆ ಹೇಗೆ ಬಿಡೋದು ಇವಳನ್ನ?"

ನನ್ನ ಕಡೆಗೆ ಒಂದು ಮತ ಬಂತು. ನಾನು ಖುಷಿಯಾಗುವಷ್ಟರಲ್ಲಿ ಅಜ್ಜಿ ಮುಂದೆ ಬಾಗಿ ಕೇಳಿದರು:

"ತಾಮ್ರದ್ದು ಇಲ್ವೇನಮ್ಮಾ?"

ಒಪ್ಪಿಗೆ ಪತ್ರ

ಅಪ್ಪ ಇಡೀ ಜೀವನ ವಿಮೆ ಮಾಡಿಸಿದವರು. ನಿವೃತ್ತರಾದ ಮೇಲೂ ಏಜೆನ್ಸಿ ಬಿಟ್ಟಿಲ್ಲ. ಕ್ಲಿನಿಕ್ಕಿನಲ್ಲಿ ಕೊಟ್ಟ ಇಂಪ್ಲಾಂಟಿನ ಒಪ್ಪಿಗೆ ಪತ್ರವನ್ನು ತಾವು ಓದದೆ ನಾನು ಸಹಿ ಹಾಕಕೂಡದು ಅಂತ ಹಟ ಹಿಡಿದರು. ಕನ್ನಡಕ ಏರಿಸಿ ಮೊದಲಿಂದ ಓದಿದರು. ಫಲಿತಾಂಶಕ್ಕೆ ಖಾತರಿಯಿಲ್ಲ ಅನ್ನುವ ಸಾಲು ಬಂದಾಗ ಅವರ ಮುಖ ಅರಳಿತು.

"ಇಷ್ಟು ಸಣ್ಣ ಅಕ್ಷರ ನಾವೂ ಹಾಕಿರಲಿಲ್ಲ" ಅಂದರು, ಗೌರವದಿಂದ.

ಆಮೇಲೆ ಡಾಕ್ಟರಿಗೆ ಮದುವೆಯಾಗಿದೆಯೇ, ಮಕ್ಕಳೆಷ್ಟು, ಕೈಗೆ ಪೆಟ್ಟಾದರೆ ಕ್ಲಿನಿಕ್ಕಿನ ಗತಿಯೇನು ಅಂತ ವಿಚಾರಿಸತೊಡಗಿದರು. ಬಾಯಿಗೆ ಹತ್ತಿ ತುರುಕಿದ್ದರಿಂದ ತಡೆಯಲು ನನ್ನಿಂದ ಆಗಲಿಲ್ಲ.

ಅರ್ಧ ಗಂಟೆ ಕಳೆದರೂ ನನ್ನ ಸಹಿ ಆಗಿರಲಿಲ್ಲ. ಡಾಕ್ಟರ ಸಹಿ ಆಗಿತ್ತು, ಅಪ್ಪನ ಪಾಲಿಸಿ ಫಾರಂ ಮೇಲೆ.

ಬಣ್ಣ

ಕೊನೆಗೆ ದಾರಿ ತೋರಿಸಿದವರು ಡಾಕ್ಟರೇ. ಸ್ಕ್ರೂ ಈಗಲೇ ಹಾಕೋಣ. ಅದು ಕಚ್ಚಿಕೊಳ್ಳುವವರೆಗೆ ಒಂದು ತಾತ್ಕಾಲಿಕ ಹಲ್ಲನ್ನು, ಪಕ್ಕದವನ್ನು ತೇಯದೆ, ಅವಕ್ಕೆ ಅಂಟಿಸೋಣ. ಅದರಲ್ಲಿ ಏನನ್ನೂ ಕಚ್ಚಬಾರದು, ನಗಬಹುದು. ಮದುವೆಗೆ ಅಷ್ಟು ಸಾಕು. ಅಮ್ಮನೂ ಒಪ್ಪಿದಳು. ಬಣ್ಣ ಆರಿಸುವುದು ಮಾತ್ರ ಉಳಿಯಿತು.

ಡಾಕ್ಟರು ಬೇರೆ ಬೇರೆ ಬಿಳಿಯ ಹಲ್ಲುಗಳಿದ್ದ ಪಟ್ಟಿಯೊಂದನ್ನು ತೆಗೆದರು. ಅಮ್ಮ ಅದನ್ನು ಕೈಯಿಂದ ಇಸಿದುಕೊಂಡಳು.

"ಟ್ಯೂಬ್‌ಲೈಟಿನಲ್ಲಿ ಬಣ್ಣ ನೋಡಿ ನನ್ನ ಎರಡು ರೇಷ್ಮೆ ಸೀರೆ ಕೆಟ್ಟಿವೆ. ಹೊರಗೆ ಬಾ."

ಡಾಕ್ಟರು ತಡೆಯುತ್ತಾರೆ ಅಂದುಕೊಂಡೆ. "ಅಮ್ಮ ಹೇಳೋದು ಸರಿ, ಹಗಲು ಬೆಳಕೇ ಒಳ್ಳೇದು" ಅಂತ ಅವರೂ ಹಿಂದೆಯೇ ಬಂದರು.

ನಾನು ಕ್ಲಿನಿಕ್ಕಿನ ಮುಂದೆ, ಸ್ಟೇಷನ್ ರಸ್ತೆಯಲ್ಲಿ ಬಾಯಿ ತೆರೆದು ನಿಂತೆ. ಅಮ್ಮ ಎಲ್ಲಕ್ಕಿಂತ ಬಿಳಿಯದನ್ನು ಹಿಡಿದಳು. ಜೊತೆಗೆ ಬಂದಿದ್ದ ಅಕ್ಕ ಎಲ್ಲಕ್ಕಿಂತ ಹಳದಿಯದನ್ನು ತೋರಿಸಿ "ಇದು ನ್ಯಾಚುರಲ್" ಅಂದಳು. ಮೆಟ್ಟಿಲ ಬಳಿ ಮಲ್ಲಿಗೆ ಕಟ್ಟುತ್ತಿದ್ದ ಹೂವಿನಾಕೆ ಎದ್ದು ಬಂದು, ನನ್ನ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿ, ಮಧ್ಯದ ಒಂದನ್ನು ಮುಟ್ಟಿ ತಮಿಳಿನಲ್ಲಿ "ಇದು ದಾನ್", ಇದೇ, ಅಂದಳು. ಡಾಕ್ಟರು ಚಪ್ಪಾಳೆ ತಟ್ಟಿದರು. ಸರಿಯಾದದ್ದು ಅದೇ ಆಗಿತ್ತು.

ಅಮ್ಮನಿಗೆ ಮಾತ್ರ ಬೇಸರ. "ಇಷ್ಟೆಲ್ಲ ಮಾಡಿ, ಹೊಸದು ಅಂತ ಯಾರಿಗೂ ಗೊತ್ತೇ ಆಗಲ್ಲ ಅಂದ್ರೆ ಏನು ಬಂತು?"

ಮದುವೆ

ಯಾರಿಗೂ ಗೊತ್ತಾಗದೆ ಇರಬಾರದು ಅಂತ ಅಮ್ಮ ತಾನೇ ವ್ಯವಸ್ಥೆ ಮಾಡಿದಳು. ಆರತಕ್ಷತೆಯಲ್ಲಿ ಸಿಕ್ಕವರನ್ನೆಲ್ಲ ನನ್ನ ಬಳಿ ಕರೆತಂದು, "ಬಾಯಿ ತೆಗಿಯೇ. ಇದರಲ್ಲಿ ಹೊಸದು ಯಾವುದು ಹೇಳಿ ನೋಡೋಣ!" ಅನ್ನತೊಡಗಿದಳು.

ಒಬ್ಬರೂ ಸರಿಯಾಗಿ ಹೇಳಲಿಲ್ಲ. ಅಮ್ಮ ಹಿಗ್ಗಿದಳು. ಸಾಲು ಬೆಳೆಯಿತು. ವೇದಿಕೆಯ ಮೇಲೆ ಮದುಮಕ್ಕಳು ಇಬ್ಬರೇ ನಿಂತಿದ್ದರು. ಅಕ್ಕ ಅಲ್ಲಿಂದಲೇ ನನ್ನನ್ನು ನೋಡಿದ ನೋಟಕ್ಕೆ ಯಾವ ಕೋಷ್ಟಕದಲ್ಲೂ ಅಂಕವಿಲ್ಲ.

ಕೊನೆಗೆ ಗಂಡಿನ ತಾತ ಬಂದರು. ಭೂತಗನ್ನಡಿ ಹಿಡಿದು ನಿಧಾನವಾಗಿ ಪರೀಕ್ಷಿಸಿ, ನಾನು ಅಷ್ಟು ಹೋರಾಡಿ ಉಳಿಸಿಕೊಂಡಿದ್ದ ಪಕ್ಕದ ಹಲ್ಲಿನ ಮೇಲೆ ಬೆರಳಿಟ್ಟರು.

"ಇದು."

"ಸೋತಿರಿ!" ಅಂದಳು ಅಮ್ಮ. "ಅದು ಅವಳದೇ, ಹುಟ್ಟಿದಾಗಿನಿಂದ ಇರೋ ಸ್ವಂತ ಹಲ್ಲು."

ತಾತ ಇನ್ನೊಮ್ಮೆ ಬಾಗಿ ನೋಡಿ, ಕನಿಕರದಿಂದ ನನ್ನ ತಲೆ ಸವರಿದರು.

"ಹಾಗಾದರೆ ಮೊದಲು ಬದಲಾಯಿಸಬೇಕಾಗಿದ್ದು ಇದನ್ನೇ ಅಲ್ವೇನಮ್ಮಾ?"