ಬಾಳೆತೋಟದಲ್ಲೊಂದು ಹಡಗು

ಎಲ್ಲಕ್ಕೂ ಮೂಲ ದೌಲಪ್ಪನ ಎಡಗೈ ಹೆಬ್ಬೆರಳು.

ಹೋದ ವರ್ಷ ಮನೆಮಂದಿಯೆಲ್ಲ ವಿಜಯಪುರ ನೋಡಲು ಹೋದಾಗ ಅವನು ಮೊಬೈಲಿನಲ್ಲಿ ನೂರಾ ಹನ್ನೆರಡು ಫೋಟೋ ತೆಗೆದಿದ್ದ. ಅವುಗಳಲ್ಲಿ ಎಂಬತ್ತರಲ್ಲಿ ಗೋಲಗುಮ್ಮಟದ ಮುಂದೆ, ಅದಕ್ಕಿಂತ ದೊಡ್ಡದಾಗಿ, ಅವನ ಹೆಬ್ಬೆರಳು ನಿಂತಿತ್ತು. ಉಳಿದವುಗಳಲ್ಲಿ ಹೆಂಡತಿ ವಿದ್ಯಾವತಿಗೆ ತಲೆ ಇರಲಿಲ್ಲ, ಅವ್ವ ಚಂದಮ್ಮನಿಗೆ ಕಾಲಿರಲಿಲ್ಲ. ಒಂದೇ ಒಂದು ಫೋಟೋ ಕನ್ನಡಿಯಷ್ಟು ಸ್ವಚ್ಛವಾಗಿ ಬಂದಿತ್ತು. ಅದು ಗುಮ್ಮಟದ ಹೊರಗೆ ನಿಂತಿದ್ದ ಯಾರದೋ ಕಾರಿನದು.

ಹಾಗಾಗಿ, ಡಿಸೆಂಬರ್ ಇಪ್ಪತ್ತನಾಲ್ಕಕ್ಕೆ ಮುಂಬೈಯಿಂದ ಹೊರಟು ಗೋವಾ ನೋಡಿಬರುವ ನಾಲ್ಕು ದಿನದ ಹಡಗಿನ ಪ್ರವಾಸಕ್ಕೆ ಟಿಕೆಟ್ ಆದ ದಿನವೇ ವಿದ್ಯಾವತಿ ಸಾರಿಬಿಟ್ಟಳು.

"ಜೀವನದಾಗ ಒಮ್ಮೆ ಹಡಗ ಹತ್ತಾಕತ್ತೀವಿ. ನಾ ಮಾತ್ರ ರುಂಡ ಇಲ್ಲದ ಮುಂಡಾಗಿ ಊರಿಗೆ ಬರಾಂಗಿಲ್ಲ. ಹೋಗೂದರೊಳಗ ಫೋಟೋ ತೆಗಿಯೂದು ಕಲೀರಿ."

ದೌಲಪ್ಪ ಗೋಣು ಆಡಿಸಿದ. ನಿಜ ಹೇಳಬೇಕೆಂದರೆ ಹಡಗಿನ ಆಸೆ ಹೆಂಡತಿಗಿಂತ ಅವನಿಗೇ ಹೆಚ್ಚು. ಇಪ್ಪತ್ತೆರಡು ವರ್ಷದಿಂದ ಅವನು ನೆಹರು ಗಂಜ್ ಮಾರುಕಟ್ಟೆಯ ಶಿವಲಿಂಗಪ್ಪ ಸಾಹುಕಾರರ ತೊಗರಿ ಅಂಗಡಿಯಲ್ಲಿ ಗುಮಾಸ್ತ. ಚೀಲಗಳ ನಡುವೆ ಕೂತು, ತೊಗರಿ ಧೂಳು ಕುಡಿದು, "ದೌಲಪ್ಪಾ!" ಎಂಬ ಕೂಗಿಗೆ ದಿನಕ್ಕೆ ನೂರು ಸಲ ಎದ್ದು ಕೂತವನು. ಅವನು ಕಂಡ ದೊಡ್ಡ ನೀರೆಂದರೆ ಪ್ರವಾಹ ಬಂದಾಗಿನ ಭೀಮಾ ನದಿ. ನಾಲ್ಕೂ ಕಡೆ ನೀರಿದ್ದು, ಯಾರೂ "ದೌಲಪ್ಪಾ" ಎನ್ನದ ಜಾಗದಲ್ಲಿ ಒಂದು ಸಂಜೆ ನಿಲ್ಲಬೇಕು ಎಂಬುದಷ್ಟೇ ಅವನ ಕನಸು. ಸುಗ್ಗಿಯ ಹೊತ್ತಿನಲ್ಲಿ ರಜೆ ಕೊಡಲು ಸಾಹುಕಾರರು ಮೂರು ವಾರ ಆಡಿಸಿ, ಕಡೆಗೆ "ಹಾಳಾಗಿ ಹೋಗು" ಎಂದು ಆಶೀರ್ವಾದ ಮಾಡಿದ್ದರು.

ತಾಲೀಮಿನ ಉಪಾಯ ಹೇಳಿದವರು ಪಕ್ಕದ ಮನೆಯ ಲಾಲ್ ಅಹ್ಮದ್ ಚಾಚಾ. ರೋಜಾ ದರ್ಗಾದ ಹತ್ತಿರ ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿ, ಉರುಸಿಗೆ ಬಂದವರನ್ನೆಲ್ಲ ಬಣ್ಣದ ಪರದೆಯ ಮುಂದೆ ಕೂರಿಸಿ ನಗಿಸಿದವರು. ಈಗ ಮೊಬೈಲು ಬಂದು ಸ್ಟುಡಿಯೋ ಮುಚ್ಚಿತ್ತು. ಕಲಿಸುವ ಚಟ ಮಾತ್ರ ಮುಚ್ಚಿರಲಿಲ್ಲ.

"ದೌಲಪ್ಪ ಬೇಟಾ, ನಾಟಕಕ್ಕ ತಾಲೀಮು ಇರ್ತದ, ಕುಸ್ತಿಗಿ ತಾಲೀಮು ಇರ್ತದ. ಹಡಗಿನ ಫೋಟೋಕ್ಕ ಬ್ಯಾಡೇನು? ನೀರಿನ ಮ್ಯಾಲ ಬಿಸಿಲು ಭಾಳ ಮೋಸ ಮಾಡ್ತದ. ಎಲ್ಲೆರ ನೀರಿರೋ ಕಡಿ ಹೋಗೋಣ ನಡಿ" ಎಂದರು ಕಂಪೌಂಡಿನ ಮೇಲಿಂದ.

ನೀರಿರುವ ಜಾಗ ವಿದ್ಯಾವತಿಗೆ ಗೊತ್ತಿತ್ತು. ಅವಳ ತಮ್ಮ ಮಲ್ಲು ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ ಮಾಡಿದ್ದ. ತೋಟದ ನಡುವೆ ನೀಲಿ ಪ್ಲಾಸ್ಟಿಕ್ ಹಾಸಿದ ದೊಡ್ಡ ಕೃಷಿ ಹೊಂಡವಿತ್ತು.

ಭಾನುವಾರ ಹೋಗುವುದೆಂದು ಗೊತ್ತುಮಾಡಿದರು. ಆದರೆ ಬುಧವಾರದಿಂದ ಶನಿವಾರದವರೆಗೆ ದೌಲಪ್ಪ ಜ್ವರ ಬಂದು ಮಲಗಿಬಿಟ್ಟ. ಭಾನುವಾರ ಬೆಳಿಗ್ಗೆ ಜ್ವರ ಬಿಟ್ಟಿತು, ಹೆಂಡತಿ ಬಿಡಲಿಲ್ಲ.

"ಫೋಟೋ ತೆಗೀಲಿಕ್ಕಿ ಮೈಯಾಗ ಶಕ್ತಿ ಯಾಕ ಬೇಕ್ರಿ? ಒಂದು ಬಟ್ಟು ಒತ್ತಿದ್ರ ಮುಗೀತು. ಏಳ್ರಿ."

ಕಮಲಾಪುರ ಮುಟ್ಟಿದಾಗ ಮಲ್ಲು ಸುಮ್ಮನೆ ಕೂತಿರಲಿಲ್ಲ. ಅಕ್ಕ ಹೇಳಿದ್ದು ಫೋಟೋ ತಾಲೀಮು ಎಂದು. ಅವನು ಹಡಗನ್ನೇ ಕಟ್ಟಿಟ್ಟಿದ್ದ. ಟ್ರ್ಯಾಕ್ಟರಿನ ಟ್ರ್ಯಾಲಿಯನ್ನು ಹೊಂಡದ ಏರಿಯ ಮೇಲೆ ನಿಲ್ಲಿಸಿ, ಅದರ ಅಂಚಿಗೆ ದನದ ಕೊಟ್ಟಿಗೆಯ ಪೈಪುಗಳನ್ನು ಬಿಚ್ಚಿ ತಂದು ಕಟ್ಟಿ, ಬಿಳಿ ಸುಣ್ಣ ಬಳಿದಿದ್ದ. ಪೈಪಿಗೆ ಲಾರಿಯ ಟ್ಯೂಬೊಂದು ನೇತಾಡುತ್ತಿತ್ತು.

"ಮಾವ, ಹಡಗದಾಗ ಮುಳುಗಿದವರಿಗಿ ಒಗಿಯೋ ಗಾಲಿ ಇರ್ತದಲ್ರಿ, ಅದು!" ಎಂದು ಮಲ್ಲು ಹೆಮ್ಮೆಯಿಂದ ತೋರಿಸಿದ.

ಲಾಲ್ ಅಹ್ಮದ್ ಚಾಚಾ ಕಣ್ಣಿಗೆ ಬೆರಳಿನ ಚೌಕ ಮಾಡಿ ನೋಡಿದರು. "ವಾಹ್! ಕೆಳಗ ಕುಂತು ತೆಗದ್ರ ಬಾಳಿಗಿಡ ಕಾಣಂಗಿಲ್ಲ. ಬರೀ ನೀರು, ಬರೀ ಆಸ್ಮಾನು." ಹಾಗೆಂದವರೇ ಕಿಸೆಯಿಂದ ಕರ್ಚೀಫು ತೆಗೆದು ದೌಲಪ್ಪನ ಹೆಬ್ಬೆರಳನ್ನು ಅಂಗೈಗೆ ಬಿಗಿದು ಕಟ್ಟಿದರು, ಹೋರಿಗೆ ಮೂಗುದಾರ ಹಾಕಿದಂತೆ.

ಮನೆಮಂದಿ ಟ್ರ್ಯಾಲಿ ಹತ್ತಿದರು. ಚಂದಮ್ಮ ಇಳಕಲ್ ಸೀರೆ ಉಟ್ಟು, ಮೊಮ್ಮಗಳು ಪ್ರೀತಿಯ ಕಪ್ಪು ಕನ್ನಡಕ ಹಾಕಿಕೊಂಡು, ಪೈಪು ಹಿಡಿದು ನಿಂತಳು.

"ಯಪ್ಪಾ ದೌಲು, ಹಡಗು ಯಾವಾಗ ಬಿಡ್ತದೋ?"

"ಇದು ಬಿಡಾಂಗಿಲ್ಲವ್ವಾ. ಇದು ತಾಲೀಮು."

"ಟಿಕೀಟು ತಗೊಂಡಾರ, ಬಿಡಾಂಗಿಲ್ಲಂದ್ರ ಹ್ಯಾಂಗ?"

ಮಲ್ಲು ಸಮುದ್ರದ ಗಾಳಿಯನ್ನೂ ಮರೆತಿರಲಿಲ್ಲ. ಬೆಳೆಗೆ ಔಷಧ ಹೊಡೆಯುವ ಪಂಪನ್ನು ತೊಳೆದು, ಬರೀ ನೀರು ತುಂಬಿ ಬೆನ್ನಿಗೇರಿಸಿಕೊಂಡಿದ್ದ. ಅದು ಗುರ್ರೆಂದಿತು. ಪ್ರೀತಿಯ ಕೂದಲು ಹಾರಿತು, ವಿದ್ಯಾವತಿಯ ಸೆರಗು ಹಾರಿತು, ಮಂಜಿನಂಥ ತುಂತುರು ಎಲ್ಲರ ಮುಖದ ಮೇಲೆ ಕೂತು ಬಿಸಿಲಿಗೆ ಹೊಳೆಯಿತು. "ಈಗ ಒತ್ತು!" ಎಂದು ಚಾಚಾ ಚೀರಿದರು. ದೌಲಪ್ಪ ಹೊಟ್ಟೆಯ ಮೇಲೆ ಬಿದ್ದುಕೊಂಡು ಒತ್ತಿದ.

ಆಗಲೇ ಪವಾಡ ನಡೆದದ್ದು. ಫೋಟೋಗಳು ಬಂದವು! ತಲೆಗೆ ತಲೆ, ಕಾಲಿಗೆ ಕಾಲು. ಹಿಂದೆ ಮಿನುಗುವ ನೀಲಿ ನೀರು. ಚಂದಮ್ಮ ಏಳು ಸಮುದ್ರ ದಾಟಿ ಬಂದ ವ್ಯಾಪಾರಿಯಂತೆ ದೂರ ನೋಡುತ್ತಿದ್ದಳು.

ವಿದ್ಯಾವತಿ ಮೊಬೈಲು ಹಿಡಿದು ಒಂದೊಂದೇ ಫೋಟೋ ಸರಿಸಿ ನೋಡಿದಳು. ಆಮೇಲೆ, "ನೀವೇ ತೆಗದಿರೇನ್ರಿ?" ಎಂದಳು. ಮದುವೆಯಾದಾಗಿನಿಂದ ಆ ದನಿಯನ್ನು ದೌಲಪ್ಪ ಕೇಳಿರಲಿಲ್ಲ. ಜ್ವರ ಬಂದ ಮೈ ಹತ್ತಿಯಷ್ಟು ಹಗುರಾಯಿತು.

ಊಟಕ್ಕೆ ಕೂತಾಗ ಪ್ರೀತಿ ಅಪ್ಪನ ಮೊಬೈಲು ತೆಗೆದುಕೊಂಡು ಏನೋ ಒತ್ತುತ್ತಿದ್ದಳು. ಅರ್ಧ ಗಂಟೆಯಲ್ಲಿ ಫೋನುಗಳು ಬರತೊಡಗಿದವು. ಒಬ್ಬ ಗೆಳೆಯ ಗೋವಾದಿಂದ ಗೋಡಂಬಿ ತಾ ಎಂದ. ಸೋದರತ್ತೆ, ಹೇಳದೆ ಹೋದರೆಂದು ಅತ್ತಳು. ದೌಲಪ್ಪನಿಗೆ ಏನೂ ತಿಳಿಯಲಿಲ್ಲ. ಮೂರನೆಯ ಫೋನು ಶಿವಲಿಂಗಪ್ಪ ಸಾಹುಕಾರರದು.

"ಏನು ದೌಲಪ್ಪ, ಜ್ವರ ಇಳೀತೇನು?" ದನಿ ಬೆಲ್ಲದಂತಿತ್ತು.

"ಇಳದದರೀ ಸಾಹುಕಾರ್ರೆ, ನಿಮ್ಮ ದಯಾ."

"ಇಳೀಲಾರದ ಏನು? ಸಮುದ್ರದ ಗಾಳಿ ಅಂದ್ರ ಸುಮ್ನೇನು?"

"ಯಾವ ಸಮುದ್ರರೀ?"

ಬೆಲ್ಲ ಅಲ್ಲಿಗೆ ಮುಗಿಯಿತು. "ಮಗನ, ಬುಧವಾರದಿಂದ ಶನಿವಾರ, ನಾಲ್ಕು ದಿನ ಜ್ವರ! ಹಡಗಿನ ಪ್ರವಾಸನೂ ನಾಲ್ಕು ದಿನ! ನನ್ನ ಮುಂದ ಡಿಸೆಂಬರ್ ಅಂತ ಹೇಳಿ, ಜ್ವರದ ನೆಪದಾಗ ಈಗೇ ಹೋಗಿ ಬಂದೀದಿ. ನಿನ್ನ ಸ್ಟೇಟಸ್ ಗಂಜಿನ ಮಂದಿಯೆಲ್ಲ ನೋಡಾಕತ್ತಾರ. 'ಅಂತೂ ಹಡಗು ಹತ್ತಿದಿವಿ' ಅಂತ ಬರದೀದಿ!"

ದೌಲಪ್ಪ ಮಗಳ ಕಡೆ ನೋಡಿದ. ಪ್ರೀತಿ ಮಜ್ಜಿಗೆ ಲೋಟದೊಳಗೆ ಮುಖ ಇಟ್ಟಳು.

"ಸಾಹುಕಾರ್ರೆ, ಆಣಿ ಮಾಡ್ತೀನ್ರಿ, ಅದು ಹಡಗಲ್ಲ. ಟ್ರ್ಯಾಲಿ! ಸಮುದ್ರ ಅಲ್ಲ, ಹೊಂಡ! ನಾ ಕಮಲಾಪುರದಾಗ ಬಾಳಿತೋಟದಾಗ ಇದ್ದೀನ್ರಿ."

"ಹೌದೌದು. ನಾ ದಿಲ್ಲಿ ಕೆಂಪು ಕೋಟ್ಯಾಗ ಇದ್ದೀನಿ. ಅಲ್ಲೇ ನಿಂದ್ರು. ಒಂದು ತಾಸಿನಾಗ ಬರ್ತೀನಿ. ಆ ಹೊಂಡ, ಆ ಹಡಗು, ಹಂಗೇ ಕಣ್ಣಿಗಿ ಕಾಣಬೇಕು. ಕಾಣಲಿಲ್ಲಂದ್ರ ಡಿಸೆಂಬರ್ ರಜಾನೂ ಇಲ್ಲ, ನೌಕರಿನೂ ಇಲ್ಲ."

ಫೋನು ಕಟ್ಟಾಯಿತು. ದೌಲಪ್ಪ ಬಾಯಲ್ಲಿದ್ದ ರೊಟ್ಟಿಯನ್ನು ನುಂಗಲೂ ಆಗದೆ ಉಗುಳಲೂ ಆಗದೆ ಹೊಂಡದ ಕಡೆ ಓಡಿದ. ಓಡಿ ನೋಡಿದರೆ ಹಡಗು ಇರಲಿಲ್ಲ. ಮಲ್ಲು ಟ್ರ್ಯಾಲಿಯನ್ನು ಬಾಳೆಗೊನೆ ತುಂಬಲು ಆಚೆ ಬದುವಿಗೆ ಒಯ್ದಿದ್ದ. ಸಮುದ್ರವೂ ಇಳಿಯುತ್ತಿತ್ತು: ಮಧ್ಯಾಹ್ನದ ತ್ರೀ ಫೇಸ್ ಕರೆಂಟು ಬಂದಿದ್ದೇ ಮೋಟರು ಚಾಲೂ ಆಗಿ, ನೀರು ಗಳಗಳನೆ ತೋಟಕ್ಕೆ ಹರಿಯುತ್ತಿತ್ತು.

"ಮಲ್ಲೂ! ಸಮುದ್ರ ಬಂದ್ ಮಾಡೋ!"

"ಮಾವ, ಕರೆಂಟು ಎರಡು ತಾಸು ಅಷ್ಟೇ ಇರ್ತದ. ಬಾಳಿ ಒಣಗ್ತಾವ್ರಿ."

"ಬಾಳಿ ಒಣಗಿದ್ರ ಮತ್ತ ಹಚ್ಚಬಹುದೋ, ನನ್ನ ಬಾಳೇ ಒಣಗಾಕತ್ತದ!"

ಮಲ್ಲು ಗೊಣಗುತ್ತ ಮೋಟರು ನಿಲ್ಲಿಸಿದ. ಎಲ್ಲರೂ ಸೇರಿ ಮತ್ತೆ ಹಡಗು ಕಟ್ಟತೊಡಗಿದರು. ಸುಳ್ಳಲ್ಲ ಎಂದು ತೋರಿಸುವುದಕ್ಕೆ ಸುಳ್ಳು ಹಡಗನ್ನು ಮತ್ತೊಮ್ಮೆ ಕಟ್ಟುವ ಕಷ್ಟ ಯಾವ ಗುಮಾಸ್ತನಿಗೂ ಬಂದಿರಲಿಕ್ಕಿಲ್ಲ. ಗೊನೆ ಇಳಿಸಿದರು, ಟ್ರ್ಯಾಲಿ ತಂದರು, ಪೈಪು ಬಿಗಿದರು. "ಚಂದಮ್ಮ, ಎಡಕ್ಕ, ಇಲ್ಲ ಬಲಕ್ಕ" ಎಂದು ಲಾಲ್ ಅಹ್ಮದ್ ಚಾಚಾ ಚಂದಮ್ಮನನ್ನು ಫೋಟೋದಲ್ಲಿ ಇದ್ದಲ್ಲೇ ನಿಲ್ಲಿಸಲು ಹೆಣಗಿದರು. "ಈಗರೆ ಹಡಗು ಬಿಡ್ತದೇನು?" ಎಂದು ಚಂದಮ್ಮ ಕೇಳಿದಳು.

ಟ್ಯೂಬು ಮಾತ್ರ ಏರಿಯ ಒಳಗಂಚಿಗೆ ಉರುಳಿತ್ತು. ಅದನ್ನು ಎತ್ತಲು ದೌಲಪ್ಪ ಬಗ್ಗಿದ. ಒದ್ದೆ ಪ್ಲಾಸ್ಟಿಕ್ಕಿನ ಮೇಲೆ ಕಾಲಿಟ್ಟವನು ಎಣ್ಣೆ ಹಚ್ಚಿದ ಹಂಚಿನ ಮೇಲಿನ ದೋಸೆಯಂತೆ ಜಾರಿ, ಟ್ಯೂಬಿನ ಸಮೇತ ಹೊಂಡದ ನಡುವಿಗೆ ಹೋಗಿಬಿಟ್ಟ. ಈಜು ಬರುತ್ತಿರಲಿಲ್ಲ. ಟ್ಯೂಬನ್ನು ತಬ್ಬಿಕೊಂಡು, ಕಾಲು ಮೇಲೆ ಮಾಡಿ, ಗಿರಗಿರನೆ ತಿರುಗತೊಡಗಿದ.

ಅದೇ ಹೊತ್ತಿಗೆ ಏರಿಯ ಮೇಲೆ ಬಿಳಿ ಧೋತರ ಕಾಣಿಸಿತು.

"ಗೋವಾದಾಗೂ ಹಿಂಗೇ ಮಲಗಿದ್ದೇನು?" ಎಂದರು ಶಿವಲಿಂಗಪ್ಪ ಸಾಹುಕಾರರು.

ಮಲ್ಲು ಹಗ್ಗ ಒಗೆದು ಎಳೆದ. ದೌಲಪ್ಪ ನೀರು ಸೋರಿಸಿಕೊಂಡು ಕೈಮುಗಿದು ನಿಂತ. "ನೋಡ್ರಿ ಸಾಹುಕಾರ್ರೆ. ಇದೇ ಸಮುದ್ರ. ಇದೇ ಹಡಗು. ನಾ ಸುಳ್ಳಾಡಿಲ್ಲ."

ಸಾಹುಕಾರರು ಹೊಂಡ ನೋಡಿದರು. ಸ್ಟೇಟಸ್ ನೋಡಿದರು. ಮತ್ತೆ ಹೊಂಡ ನೋಡಿದರು. ನೀರಿಗೆ ಬೆನ್ನು ಮಾಡಿ ಟ್ರ್ಯಾಲಿ ಹತ್ತಿ ಸುಣ್ಣದ ಪೈಪನ್ನು ತಟ್ಟಿದರು. "ನಂದೊಂದು ತೆಗಿ ನೋಡಣ" ಎಂದರು. ಮಲ್ಲು ಪಂಪು ಹೊಡೆದ, ದೌಲಪ್ಪ ಪ್ರೀತಿಯ ಹತ್ತಿರವಿದ್ದ ಮೊಬೈಲು ತೆಗೆದುಕೊಂಡು, ಚಳಿಗೆ ನಡುಗುತ್ತಲೇ ಹೊಟ್ಟೆಯ ಮೇಲೆ ಬಿದ್ದು ಒತ್ತಿದ. ಫೋಟೋದಲ್ಲಿ ಸಾಹುಕಾರರು ಸಮುದ್ರವನ್ನೇ ಖರೀದಿಗೆ ಕೇಳಲು ಬಂದವರಂತೆ ಕಾಣುತ್ತಿದ್ದರು.

ಅವರು ಅದನ್ನು ದಿಟ್ಟಿಸಿ ನೋಡಿದರು. ಮುಖ ಅರಳಿತು. "ದೌಲಪ್ಪ, ನೀ ಖರೇ ಮನುಷ್ಯಾ. ನಂದೇ ತಪ್ಪಾತು" ಎಂದು ಅವನ ಒದ್ದೆ ಬೆನ್ನು ತಟ್ಟಿದರು.

ದೌಲಪ್ಪನ ಕಣ್ಣಲ್ಲಿ ನೀರು ಬಂತು. ಇಪ್ಪತ್ತೆರಡು ವರ್ಷದಲ್ಲಿ ಸಾಹುಕಾರರು ತಪ್ಪಾಯಿತು ಎಂದದ್ದು ಇದೇ ಮೊದಲು. "ಹಂಗಾದ್ರ ರಜಾ ಖಾಯಂ ಅಲ್ರೀ?"

ಸಾಹುಕಾರರು ಅವನ ಹೆಗಲ ಮೇಲೆ ಕೈ ಹಾಕಿ ಬಾಳೆಗಿಡಗಳ ಮರೆಗೆ ಕರೆದೊಯ್ದು ದನಿ ತಗ್ಗಿಸಿದರು.

"ನಿನ್ನ ಹತ್ರ ಏನು ಮುಚ್ಚಿಡ್ಲಿ? ನಮ್ಮ ಸೋಲಾಪುರದ ಬೀಗರು ಹಡಗದಾಗ ಸಿಂಗಾಪುರಕ್ಕ ಹೋಗಿಬಂದು ದಿನಾ ಮುಂಜಾನೆ ಒಂದು ಫೋಟೋ ಕಳಸ್ತಾರ. ನಾನೂ ಸಿಟ್ಟಿನಾಗ, ಡಿಸೆಂಬರದಾಗ ನಾವೂ ಹೊಂಟೀವಿ ಅಂದುಬಿಟ್ಟೀನಿ. ಆದ್ರ ನನಗ ನೀರಂದ್ರ ಎದಿ ಹೊಡಕೊಳ್ತದೋ. ಬಚ್ಚಲದಾಗ ಹಂಡೆ ತುಂಬಿದ್ರೂ ದೂರ ನಿಂದ್ರತೀನಿ. ಇವತ್ತು ದೇವರೇ ನನ್ನನ್ನ ಈ ಹೊಂಡಕ್ಕ ಕಳಸ್ಯಾನ."

"ಛಲೋ ಆತ್ರಿ. ಬರೋ ಭಾನುವಾರ ತೆಗದು ಕೊಡ್ತೀನ್ರಿ."

"ಭಾನುವಾರ ಆಗಾಂಗಿಲ್ಲ. ಮಕ್ಕಳು, ಸೊಸೆಂದಿರು, ಮೊಮ್ಮಕ್ಕಳು ಎಲ್ಲಾ ಬರೂದು ಇಪ್ಪತ್ನಾಲ್ಕಕ್ಕ. ಹದಿನಾಲ್ಕು ಮಂದಿ. ಹಡಗಿನ ಪ್ರವಾಸ ನಾಲ್ಕು ದಿನ ಅಂದ್ಮ್ಯಾಲ ಫೋಟೋನೂ ನಾಲ್ಕು ದಿನದ್ದು ಬೇಕಲ್ಲ? ದಿನಕ್ಕೊಂದು ಅರಿವಿ, ದಿನಕ್ಕೊಂದು ಬಿಸಿಲು. ಹೊರಗಿನ ಫೋಟೋದವನ್ನ ಕರದ್ರ ಸುದ್ದಿ ಊರೆಲ್ಲ ಆಗ್ತದ. ನೀನಾದ್ರ ಮನಿ ಮನುಷ್ಯಾ."

"ಸಾಹುಕಾರ್ರೆ, ಇಪ್ಪತ್ನಾಲ್ಕಕ್ಕ ನನ್ನ ಹಡಗು..."

"ಹಡಗು ಎಲ್ಲಿ ಹೋಗ್ತದೋ, ಮುಂದಿನ ವರ್ಷನೂ ಇರ್ತದ. ಬೀಗರು ಕಾಯಂಗಿಲ್ಲ!" ಎಂದು ಸಾಹುಕಾರರು ಕಾರು ಹತ್ತಿದರು. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಆ ಪಂಪಿನವಗೂ ಹೇಳಿಡು" ಎಂದು ಕೂಗಿ ಹೋದರು.

ದೌಲಪ್ಪ ಟ್ರ್ಯಾಲಿಯ ಹತ್ತಿರ ಬಂದು ನಡೆದದ್ದನ್ನು ಹೇಳಿದ. ವಿದ್ಯಾವತಿಯ ಕಣ್ಣು ತುಂಬಿತು. ತನ್ನ ಸಲುವಾಗಿ ಹೆಂಡತಿ ಅಳುತ್ತಾಳೆಂದು ದೌಲಪ್ಪ ಸಮಾಧಾನ ಮಾಡಲು ಹತ್ತಿರ ಹೋದ. ಅಷ್ಟರಲ್ಲಿ ಪ್ರೀತಿ ಮೊಬೈಲಿನಿಂದ ತಲೆ ಎತ್ತಿದಳು.

"ಮಮ್ಮಿ, ಟಿಕೆಟ್ ಕ್ಯಾನ್ಸಲ್ ಮಾಡಿದ್ರ ರೊಕ್ಕ ವಾಪಸ್ ಬರಂಗಿಲ್ಲ. ಆದ್ರ ಒಬ್ಬರ ಹೆಸರು ಬದಲಿ ಮಾಡಬಹುದಂತ."

ವಿದ್ಯಾವತಿ ಸೆರಗಿನಿಂದ ಕಣ್ಣೊರೆಸಿಕೊಂಡು ತಮ್ಮನ ಕಡೆ ತಿರುಗಿದಳು. "ಮಲ್ಲು, ನೀ ಬರ್ತೀಯೇನೋ?"

"ಅಕ್ಕಾ, ನಾ ಹ್ಯಾಂಗ ಬರಲಿ? ಹೊಂಡದ ಹತ್ರ ಸಾಹುಕಾರ್ರ ಮಂದಿ ಬರ್ತಾರ, ಪಂಪು ಹೊಡೀಬೇಕು, ಬಾಳಿಗಿ ನೀರು ಬಿಡಬೇಕು..." ಎಂದ ಮಲ್ಲು ನಡುವೆಯೇ ನಿಂತ. ದೌಲಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನಿಧಾನವಾಗಿ ಬೆನ್ನಿನ ಪಂಪು ಇಳಿಸಿ, ಅದರ ಪಟ್ಟಿಯನ್ನು ಮಾವನ ಒದ್ದೆ ಹೆಗಲಿಗೆ ಏರಿಸಿದ.

"ಮಾವ, ನೀವು ಹೆಂಗೂ ನಾಲ್ಕು ದಿನ ಇಲ್ಲೇ ಇರ್ತೀರಿ. ಕರೆಂಟು ಬಂದ ಕೂಡ್ಲೇ ಮೋಟರು ಚಾಲೂ ಮಾಡ್ರಿ. ಸಂಜಿ ಮುಂದ ಮಂಗ್ಯಾಗಳು ಬರ್ತಾವ, ಅವಕ್ಕ ಮಾತ್ರ ಹೆದರಬ್ಯಾಡ್ರಿ."